ನೆಲಕ್ಕಿಟ್ಟ ಬಕೆಟ್

"ಯಾರು ಮುಟ್ಟಿದ್ದು ಇದ್ನ?"

ಸುಪ್ರಿಯಾ ಮೀನಿನ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಮೇಜಿನ ಮೇಲಿನ ಪುಟ್ಟ ಆಟದ ಹಿಟಾಚಿಯ ಕೈ ಕೆಳಗಿಳಿದಿತ್ತು. ಬೆಳಿಗ್ಗೆ ಅದನ್ನು ಎತ್ತಿ ನಿಲ್ಲಿಸಿ, ಮನೆಗೆ ಬೀಗ ಹಾಕಿ, ಅತ್ತೆಯ ಜೊತೆ ಪೇಟೆಗೆ ಹೋದವಳು ಅವಳೇ. ಈಗ ಹಳದಿ ಬಕೆಟ್, ದನ ನೀರು ಕುಡಿಯಲು ಬಗ್ಗಿದ ಹಾಗೆ, ಮೇಜಿನ ಹಲಗೆಯನ್ನು ಮುಟ್ಟಿಕೊಂಡಿತ್ತು.

ಹಿಂದಿನಿಂದ ಬಂದ ಅತ್ತೆ ಪರಮೇಶ್ವರಿಯ ಮುಖ ಅರಳಿತು.

"ಅಂವ ಬಂದು ಹೋಗಿದ್ದ. ಬಕೆಟ್ ನೆಲಕ್ಕೆ ಇಡದೆ ಅಂವ ಇಳಿಯೂದಿಲ್ಲ, ನಾ ಹೇಳ್ಲಿಲ್ವಾ?"

ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಮಾಡಿದ ಮಿಷನ್ ಅದು. ಸುಪ್ರಿಯಾಳ ಗಂಡ ರಮಾನಂದ ಭಟ್ಕಳದ ದುಬೈ ಸಾಮಾನಿನ ಅಂಗಡಿಯಿಂದ ಇಟ್ಟಿಗೆ ತಂದು ಶುರುಮಾಡಿದ್ದ. ಹಗಲೆಲ್ಲ ಮಣ್ಣು ಅಗೆಯುವ ದೊಡ್ಡ ಹಿಟಾಚಿ ಓಡಿಸಿ, ಸಂಜೆ ಚಿಕ್ಕದರ ಮುಂದೆ ಕೂರುತ್ತಿದ್ದ. "ಅಡುಗೆಭಟ್ಟ ಮನೆಗೆ ಬಂದು ಮಣ್ಣಿನ ಅಡುಗೆ ಆಡ್ದಾಂಗಾತು!" ಎಂದು ಅವನ ಅಣ್ಣ ಶ್ರೀಧರ ನಗುತ್ತಿದ್ದ. ಮಿಷನ್ ಮುಂದೆ ಹೋಗಲು, ಮೈ ತಿರುಗಿಸಲು ಮೋಟಾರು ಕೂರಿಸಿ ಆಗಿತ್ತು. ಕೈ ಎತ್ತುವ ಗಾಳಿಯ ಕೆಲಸ ಬಾಕಿ ಇತ್ತು.

ಅಷ್ಟರಲ್ಲಿ, ಕಳೆದ ಮಳೆಗಾಲ, ಹೊನ್ನಾವರದ ಆಚೆ ಅವನು ಕಡಿಯುತ್ತಿದ್ದ ಗುಡ್ಡ ಜರಿದು ಬಂತು. ಜನರಿಗೆ ಹತ್ತಿರ ಹೋಗಲಾಗಿದ್ದೇ ಮಾರನೇ ದಿನ. ಮಿಷನ್ ಮಣ್ಣಿನಲ್ಲಿ ಅರ್ಧ ಹೂತಿತ್ತು. ಸೀಟು ಖಾಲಿ. ಕೆಳಗೆ ಹೊಳೆ ತುಂಬಿ ಹೋಗುತ್ತಿತ್ತು. ಆದರೆ ಬಕೆಟ್ ನೆಲದ ಮೇಲಿತ್ತು.

ಕೆಲಸ ನಿಲ್ಲಿಸಿದ ಆಪರೇಟರ್ ಬಕೆಟ್ಟನ್ನು ನೆಲಕ್ಕಿಟ್ಟೇ ಇಳಿಯುತ್ತಾನೆ. ಹಾಗಾದರೆ ಗುಡ್ಡ ಬರುವ ಮೊದಲೇ ಮಗ ಇಳಿದಿದ್ದಾನೆ, ಎಲ್ಲೋ ಇದ್ದಾನೆ. ಪರಮೇಶ್ವರಿ ಹಿಡಿದುಕೊಂಡದ್ದು ಅದೊಂದನ್ನೇ. ಹೆಣ ಸಿಗದಿದ್ದರೇನು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕಾರ್ಯ ಮುಗಿಸುವ ಎಂದ ಶ್ರೀಧರನಿಗೆ, "ಜೀವ ಇದ್ದವನ ಸುಡೂಕೆ ನಿಂಗೆ ಎಂತಾ ಗಡಿಬಿಡಿ?" ಎಂದಿದ್ದಳು. ಸುಪ್ರಿಯಾಳೂ ಅದನ್ನೇ ನಂಬಿದ್ದಳು. ಅವನು ಬಂದಾಗ ನೋಡಲಿ ಎಂದು ಪುಟ್ಟ ಮಿಷನ್ನಿನ ಉಳಿದ ಕೆಲಸ ತಾನೇ ಮುಗಿಸಿದ್ದಳು. ಸಣ್ಣ ಮೋಟಾರು ಪಂಪು ಒತ್ತುತ್ತದೆ, ಗಾಳಿ ತೆಳು ಪೈಪಿನಲ್ಲಿ ಸಿಲಿಂಡರಿಗೆ ಹೋಗಿ ಕೈಯನ್ನು ಎತ್ತುತ್ತದೆ. ಲಿವರ್ ನಡುವೆ ತಂದರೆ ಗಾಳಿ ಒಳಗೇ ಸಿಕ್ಕಿಕೊಂಡು ಕೈ ಎತ್ತಿದ ಹಾಗೇ ನಿಲ್ಲಬೇಕು.

ಬಕೆಟ್ ಇಳಿದದ್ದು ಕಂಡ ಅವತ್ತಿನಿಂದ ಪರಮೇಶ್ವರಿ ಮೇಜಿನ ಮೇಲೆ ಮಗನಿಗೆಂದು ಚಹಾ ಇಡತೊಡಗಿದಳು. ಮತ್ತೊಂದು ದಿನ ಕೈ ಎತ್ತಿಟ್ಟು ಹೊರಗೆ ಹೋಗಿ ಬಂದಾಗಲೂ ಅದು ಇಳಿದಿತ್ತು. ಬೀಗ ಹಾಕಿದ ಹಾಗೇ ಇತ್ತು.

ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಸುಪ್ರಿಯಾ ಮಿಷನ್ನಿನ ಕೈ ಎತ್ತಿಸಿ, ಮೋಟಾರು ಆರಿಸಿ, ಎದುರಿಗೆ ಕುಳಿತಳು. ತೆಂಗಿನ ಗರಿ ಕೂಡ ಅಲುಗುತ್ತಿರಲಿಲ್ಲ. ಬಕೆಟ್ ನಡುಗಿತು. ಕೂದಲೆಳೆಯಷ್ಟು ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಅವಳಿಗೆ ಎದ್ದು ಓಡಬೇಕೆನಿಸಿತು. ಆಮೇಲೆ ಪಂಕ್ಚರ್ ಅಂಗಡಿಯಲ್ಲಿ ನೋಡಿದ್ದು ನೆನಪಾಗಿ, ಸೋಪಿನ ನೊರೆ ತಂದು ಪೈಪಿಗೆ ಹಚ್ಚಿದಳು. ಸಿಲಿಂಡರಿನ ಬುಡದಲ್ಲಿ ಒಂದು ಗುಳ್ಳೆ ಎದ್ದು, ಉಬ್ಬಿ, ಒಡೆಯಿತು. ಇನ್ನೊಂದು ಎದ್ದಿತು. ಒಳಗೆ ಯಾರೋ ಕುಳಿತು ಉಸಿರು ಬಿಡುತ್ತಿದ್ದ ಹಾಗೆ.

ಪೈಪನ್ನು ಇಷ್ಟು ಒತ್ತಿ ಕೂರಿಸಿದರೆ ಸಾಕು, ಅತ್ತೆಗೆ ಗೊತ್ತೇ ಆಗುವುದಿಲ್ಲ. ಬೆರಳು ಅದರ ಮೇಲೆ ಹೋಗಿಯೂ ಇತ್ತು.

"ಎಂತ ಅದು?" ಪರಮೇಶ್ವರಿ ಬೆನ್ನ ಹಿಂದೆ ನಿಂತಿದ್ದಳು.

"ಗಾಳಿ, ಅತ್ತೆ. ಸೋರ್ತದೆ."

"ಯಾರೂ ಇಳಿಸ್ದೇ ಇಳೀತದ್ಯಾ?"

"ಹೌದು."

ಪರಮೇಶ್ವರಿ ಗುಳ್ಳೆಗಳನ್ನೇ ನೋಡಿದಳು. "ದೊಡ್ಡದ್ರಲ್ಲಿ ಗಾಳಿ ಅಲ್ಲ, ಅಲ್ದಾ?"

"ಅಲ್ಲ. ಅದ್ರಲ್ಲಿ ಎಣ್ಣೆ."

ಮಗನ ಅಂಗಿಗಳ ಎಣ್ಣೆ ಕಲೆಯನ್ನು ಬಾವಿಕಟ್ಟೆಯ ಮೇಲೆ ದಿನವೂ ತಿಕ್ಕಿದವಳು ಪರಮೇಶ್ವರಿ. ಹಳೇ ಮಿಷನ್, ಎಲ್ಲಿ ನೋಡಿದರೂ ಎಣ್ಣೆ ಬಸಿಯುತ್ತದೆ ಎಂದು ಅವನು ಬೈಯುತ್ತಿದ್ದ. ಗುಡ್ಡ ಜರಿದ ಮೇಲೆ ಒಂದಿಡೀ ರಾತ್ರಿ ಅದನ್ನು ಯಾರೂ ನೋಡಿರಲಿಲ್ಲ. ಅವಳು ಕುರ್ಚಿಯನ್ನು ಹುಡುಕುವಂತೆ ಕೈ ಚಾಚಿ, ಹಿಡಿದು, ಕುಳಿತಳು.

"ಬಿಗಿ ಮಾಡ್ಲಾ ಅತ್ತೆ? ನಿಲ್ತದೆ."

"ಬೇಡ. ಬಿಡು."

ಪರಮೇಶ್ವರಿ ಅಂಗೈ ಬಿಚ್ಚಿ ಬಕೆಟ್ಟಿನ ಕೆಳಗೆ ಇಟ್ಟಳು. ಅದು ಇಳಿಯಿತು, ನಿಂತಿತು, ಇಳಿಯಿತು. ಪಕ್ಕದಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ಬಕೆಟ್ಟಿನ ಪುಟ್ಟ ಹಲ್ಲುಗಳು ಅಂಗೈಯನ್ನು ಮುಟ್ಟುವವರೆಗೂ ಅವಳು ಕೈ ಅಲುಗಿಸಲಿಲ್ಲ.