ಗುರುಸಿದ್ದಮ್ಮ ಮೇಡಂ ಬಾಯಿ ಮುಚ್ಚಿ ಕೂತ ದಿನ

ಗುರುಸಿದ್ದಮ್ಮನ ಗಂಟಲಿಗೆ ಕೊಳ್ಳೇಗಾಲದಲ್ಲಿ ಒಳ್ಳೇ ಹೆಸರಿತ್ತು. ಹೆಣ್ಣುಮಕ್ಕಳ ಕಾಲೇಜಿನ ಮೈದಾನದಲ್ಲಿ ನಿಂತು ಅವಳು ಕೂಗಿದರೆ, ರಸ್ತೆಯಾಚೆ ಟೀ ಅಂಗಡಿಯ ಮಾದಣ್ಣ ಬೆಚ್ಚಿಬಿದ್ದು ಕೈಯಲ್ಲಿದ್ದ ಲೋಟ ಕೆಳಗಿಡುತ್ತಾನೆ ಎಂದು ಹುಡುಗಿಯರು ಹೇಳಿಕೊಂಡು ನಗುತ್ತಿದ್ದರು. ಹದಿನಾಲ್ಕು ವರ್ಷದಿಂದ ಅವಳು ಅಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದಳು. ಹದಿನಾಲ್ಕು ವರ್ಷದಿಂದ ಹುಡುಗಿಯರು ಒಂದೇ ತಪ್ಪು ಮಾಡುತ್ತಿದ್ದರು. ಚೆಂಡು ಎಲ್ಲಿದೆಯೋ ಅಲ್ಲಿಗೆ ಎಲ್ಲರೂ ಓಡುವುದು, ಅಮಾವಾಸ್ಯೆ ದಿನ ಮಾದಪ್ಪನ ಬೆಟ್ಟದ ಬಸ್ಸಿಗೆ ಜನ ಮುತ್ತಿಕೊಂಡ ಹಾಗೆ. 'ನಿನ್ನ ಜಾಗ ಬಿಡಬೇಡ' ಎಂದು ಕೂಗಿ ಕೂಗಿ ಅವಳ ಧ್ವನಿ ಗಂಡಸಿನದಾಗಿತ್ತೇ ಹೊರತು ಜಾಗದಲ್ಲಿ ನಿಂತವಳು ಒಬ್ಬಳೂ ಇರಲಿಲ್ಲ.

ಹೋದ ವರ್ಷ ಅಂತರಕಾಲೇಜು ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ಹನ್ನೊಂದು ಗೋಲು ಹೊಡೆಸಿಕೊಂಡು ಬಂದಿದ್ದರು. ಅದು ಪೇಪರಿನಲ್ಲೂ ಬಂತು. ಪ್ರಿನ್ಸಿಪಾಲ್ ಶಿವಮಲ್ಲಪ್ಪನವರು ಕೆಟ್ಟವರಲ್ಲ, ಆದರೆ ಮರ್ಯಾದೆಗೆ ಅಂಜುವ ಮನುಷ್ಯ.

"ಬೆಳಿಗ್ಗೆ ವಾಕಿಂಗ್ ಹೋದರೆ ಜನ ಬೆರಳು ಎಣಿಸಿ ತೋರಿಸ್ತಾರೆ ಮೇಡಂ" ಎಂದಿದ್ದರು. "ಈ ಸಲ ಮೊದಲ ಪಂದ್ಯ ಗೆದ್ದುಕೊಂಡು ಬನ್ನಿ. ಇಲ್ಲ ಅಂದರೆ ಗೋಲಿನ ಕಂಬ ಕಿತ್ತು ಥ್ರೋಬಾಲ್ ಕೋರ್ಟ್ ಹಾಕಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಆ ಕಂಬಗಳನ್ನು ಗುರುಸಿದ್ದಮ್ಮ ತಾನೇ ನಿಂತು ಗುಂಡಿ ತೋಡಿಸಿ ನೆಡಿಸಿದ್ದಳು. ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ.

ಆದರೂ ಈ ವರ್ಷ ಅವಳಿಗೊಂದು ಧೈರ್ಯವಿತ್ತು, ಅದರ ಹೆಸರು ಧನುಶ್ರೀ. ಹನೂರಿನಾಚೆಯ ಅಜ್ಜೀಪುರದಿಂದ ದಿನಾ ಬಸ್ಸಿನಲ್ಲಿ ಬರುವ, ಮಾತಿಲ್ಲದ ಹುಡುಗಿ. ಅವಳ ಕೈಗೆ ಬಂದ ಚೆಂಡು ಕೆಳಗೆ ಬಿದ್ದದ್ದೇ ಇಲ್ಲ. ಗೋಲಿನ ಮುಂದೆ ಅವಳು ನಿಂತಳೆಂದರೆ ಗುರುಸಿದ್ದಮ್ಮನ ಎದೆಬಡಿತ ಅರ್ಧ ಕಮ್ಮಿಯಾಗುತ್ತಿತ್ತು.

ಪಂದ್ಯ ಶನಿವಾರ ಯಳಂದೂರಿನಲ್ಲಿ. ಗುರುವಾರ ಸಂಜೆ ಧನುಶ್ರೀಯ ಫೋನು ಬಂತು.

"ಮೇಡಂ, ನಾ ಬರಾಕಾಗಲ್ಲ. ಉಳ ಅಣ್ಣಾಗ್ಬುಟ್ಟವೆ."

ಅವಳ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಲೆಕ್ಕದ ಪ್ರಕಾರ ಹುಳು ಭಾನುವಾರ ಹಣ್ಣಾಗಿ ಗೂಡು ಕಟ್ಟಲು ಅಣಿಯಾಗಬೇಕಿತ್ತು. ಬಿಸಿಲು ಏರಿದ್ದಕ್ಕೆ ಮೂರು ದಿನ ಮೊದಲೇ ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿದ್ದವು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳು. ಊರಲ್ಲಿ ಎಲ್ಲರೂ ಒಂದೇ ದಿನ ಮರಿಹುಳು ತಂದಿದ್ದರಿಂದ ಎಲ್ಲರ ಮನೆಯಲ್ಲೂ ಒಟ್ಟಿಗೇ ಹಣ್ಣಾಗಿ, ಕೂಲಿಗೆ ಒಂದಾಳೂ ಸಿಕ್ಕುವ ಹಾಗಿರಲಿಲ್ಲ. ಅಮ್ಮ ದೊಡ್ಡ ಮಗಳ ಬಾಣಂತನಕ್ಕೆ ಪಾಲಾರಿಗೆ ಹೋಗಿದ್ದಳು. ಇದ್ದವರು ಅಪ್ಪ, ಅಜ್ಜಿ, ಧನುಶ್ರೀ.

"ಮೂರು ಜನಕ್ಕೆ ಎಷ್ಟು ದಿನ ಬೇಕು?"

"ಭಾನುವಾರ ಆಯ್ತದೆ ಮೇಡಂ" ಎಂದು ಹುಡುಗಿ ಅಳತೊಡಗಿದಳು.

ಗುರುಸಿದ್ದಮ್ಮ ಫೋನಿಟ್ಟವಳೇ ನಾಯಕಿ ಪವಿತ್ರಳಿಗೆ ಫೋನು ಮಾಡಿದಳು. "ನಾಳೆ ಪ್ರಾಕ್ಟೀಸ್ ಅಜ್ಜೀಪುರದಲ್ಲಿ. ಮೊದಲ ಬಸ್ಸು. ಹತ್ತೂ ಜನ ಬರಬೇಕು."

ಬೆಳಿಗ್ಗೆ ಹತ್ತು ಹುಡುಗಿಯರನ್ನು ಇಳಿಸಿಕೊಂಡು ಹೋಗಿ ನಿಂತರೆ, ಹುಳುಮನೆಯ ಬಾಗಿಲಿಗೆ ಅಡ್ಡಲಾಗಿ ಅಜ್ಜಿ ಚಿಕ್ಕನಿಂಗಮ್ಮ ಕೂತಿದ್ದಳು. ಹೊರಗಿನವರನ್ನು ಹುಳುಮನೆಗೆ ಬಿಡುವ ಪದ್ಧತಿಯೇ ಇಲ್ಲ. ರೋಗ ತರುತ್ತಾರೆ, ವಾಸನೆ ತರುತ್ತಾರೆ, ದೃಷ್ಟಿಯನ್ನೂ ತರುತ್ತಾರೆ. ಆದರೆ ಹಣ್ಣಾದ ಹುಳು ಯಾರ ಪದ್ಧತಿಗೂ ಕಾಯುವುದಿಲ್ಲ. ಅಜ್ಜಿ ಮೊಮ್ಮಗಳ ಮುಖ ನೋಡಿದಳು, ಹುಡುಗಿಯರನ್ನು ನೋಡಿದಳು, ನಿಟ್ಟುಸಿರುಬಿಟ್ಟು ಎದ್ದಳು.

"ಕಾಲು ತೊಳ್ಕಂಡು ಬನ್ನಿ. ಒಬ್ಬೊಬ್ರಾಗಿ. ಮೂಸಿ ನೋಡ್ತೀನಿ."

ನಿಜವಾಗಿಯೂ ಮೂಸಿದಳು! ರಮ್ಯಳ ಪೌಡರು ನಲ್ಲಿ ಕೆಳಗೆ ಹೋಯಿತು. ಪವಿತ್ರಳ ಮಲ್ಲಿಗೆ ಎಮ್ಮೆಯ ಬಾಯಿಗೆ ಹೋಯಿತು. ಕೊನೆಗೆ ಗುರುಸಿದ್ದಮ್ಮನ ಸರದಿ ಬಂದಾಗ ಅಜ್ಜಿ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯಯ್ಯೋ ಸಿವನೇ! ಏನವ್ವ ಮೇಡಮ್ಮ ಇದು, ಔಸ್ದಿ ಅಂಗ್ಡಿಗೆ ಬಿದ್ದೆದ್ದು ಬಂದಿದ್ದೀಯಾ?"

ಮಂಡಿನೋವಿನ ಮುಲಾಮು. ಉಳುಕಿಗೆ ಹೊಡೆಯುವ ಸ್ಪ್ರೇ. ಹದಿನಾಲ್ಕು ವರ್ಷ ಹುಡುಗಿಯರ ಕಾಲು ತಿಕ್ಕಿ ತಿಕ್ಕಿ ಅದು ಅವಳ ಬಟ್ಟೆಗೆ, ಚೀಲಕ್ಕೆ, ಚರ್ಮಕ್ಕೇ ಇಳಿದಿತ್ತು. ಮೂರು ಸಲ ಸೋಪು ಹಾಕಿ ತೊಳೆದರೂ ಅಜ್ಜಿ ಒಪ್ಪಲಿಲ್ಲ.

"ಈ ಗಾಟು ತಾಗುದ್ರೆ ಉಳ ಉಳಿಯಕ್ಕಿಲ್ಲ. ನೀ ಆ ಜಗ್ಲಿ ಮ್ಯಾಲೆ ಕೂತ್ಕೊ."

ತಂಡವೆಲ್ಲ ಒಳಗೆ, ಕೋಚು ಹೊರಗೆ. ಹುಡುಗಿಯರು ಕಿಸಕ್ಕನೆ ನಕ್ಕಿದ್ದು ಕಿಟಕಿಯಿಂದ ಕೇಳಿಸಿತು.

ಗುರುಸಿದ್ದಮ್ಮ ಕಿಟಕಿಗೆ ಹಣೆ ಹಚ್ಚಿ ಕೂತಳು. ಅಜ್ಜಿ ಒಬ್ಬೊಬ್ಬಳನ್ನು ಒಂದೊಂದು ಬಿದಿರು ತಟ್ಟೆಯ ಮುಂದೆ ನಿಲ್ಲಿಸಿ, ಜೇನಿನ ಬಣ್ಣಕ್ಕೆ ತಿರುಗಿದ ಹುಳು ತೋರಿಸಿದಳು. "ಇಂಥದ ಮಾತ್ರ ತಗೀರಿ. ಬೆಳ್ಳಗಿರದ ಮುಟ್ಟಬ್ಯಾಡಿ. ಇಂಡಬ್ಯಾಡಿ, ಮೆತ್ತಗೆ ಎತ್ತಿ. ಅವರವರ ತಟ್ಟೆ ಅವರವರು ನೋಡ್ಕಳಿ. ಪಕ್ಕದ ತಟ್ಟೆಗೆ ಕೈ ಆಕುದ್ರೆ ನಿಮ್ ತಟ್ಟೇಲಿ ಉಳ ಕೆಡ್ತವೆ."

ಅಷ್ಟೇ ಹೇಳಿದ್ದು. ಒಂದೇ ಸಲ, ಮೆಲ್ಲಗೆ. ಹದಿನಾಲ್ಕು ವರ್ಷ ಗುರುಸಿದ್ದಮ್ಮನ ಗಂಟಲು ಹರಿದರೂ ನಿಲ್ಲದಿದ್ದ ಹುಡುಗಿಯರು ನೆಟ್ಟ ಗೂಟದ ಹಾಗೆ ನಿಂತರು. ಅವಳಿಗೆ ಸಂತೋಷವಾಯಿತೋ ಹೊಟ್ಟೆ ಉರಿಯಿತೋ, ಎರಡೂ ಆಯಿತು ಎನ್ನೋಣ.

ಸುಮ್ಮನಿರಲು ಅವಳಿಗೆ ಬರುತ್ತಿರಲಿಲ್ಲ. "ರಮ್ಯಾ, ಎಡಗಡೆ! ಎಡಗಡೆ ಮೂಲೇಲಿ ಒಂದಿದೆ! ಪವಿತ್ರಾ, ಬೇಗ!" ಎಂದು ಕಿಟಕಿಯಿಂದಲೇ ಶುರುಮಾಡಿದಳು. ರಮ್ಯ ಗಾಬರಿಯಾಗಿ ಕೈಲಿದ್ದ ಹುಳು ಕೆಳಗೆ ಬೀಳಿಸಿದಳು.

ಅಜ್ಜಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀ ಯಾವತ್ತೂವೆ ಇಂಗೇ ಬಡ್ಕತೀಯಾ?"

"ಆಟದಲ್ಲಿ ಕೂಗಬೇಕಾಗುತ್ತೆ ಅಜ್ಜಿ."

"ಆಡೋರು ಆ ಮಕ್ಕಳೋ, ನೀನೋ?"

ಅಜ್ಜಿ ಗುರುಸಿದ್ದಮ್ಮನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು, ಹುಳುಮನೆಯ ನೆನಪಾಗಿ ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. "ನೋಡವ್ವ, ಅಣ್ಣಾಗೋ ಗಂಟ ನಾವು ಸೊಪ್ಪಾಕ್ಬೇಕು, ಕಸ ತಗೀಬೇಕು, ಎದ್ದೆದ್ದು ನೋಡ್ಬೇಕು. ಚಂದ್ರಿಕೆಗೆ ಬುಟ್ಮೇಲೆ ಮುಗೀತು. ಮುಟ್ಟಂಗಿಲ್ಲ, ಅಲ್ಲಾಡ್ಸಂಗಿಲ್ಲ, ಕೂಗಂಗಿಲ್ಲ. ಗೂಡು ಕಟ್ಟಾದು ಅವೇಯ. ನಾವಲ್ಲ."

ಅಜ್ಜಿ ಹೇಳಿದ್ದು ಹುಳುವಿನ ಮಾತು. ಆದರೂ ಗುರುಸಿದ್ದಮ್ಮ ಅದನ್ನು ನಾಲ್ಕು ಗಂಟೆಯವರೆಗೆ ಜಗಲಿಯ ಮೇಲೆ ಕೂತು ಅಗಿದಳು. ಅಷ್ಟು ಹೊತ್ತಿಗೆ ತಟ್ಟೆಗಳು ಬರಿದಾಗಿ, ಚಂದ್ರಿಕೆಗಳು ತುಂಬಿ ಚಪ್ಪರದ ನೆರಳಲ್ಲಿ ಸಾಲಾಗಿ ನಿಂತಿದ್ದವು. ಮುದ್ದೆ, ಹುರುಳಿ ಸಾರು ಉಂಡು ಹನ್ನೊಂದು ಹುಡುಗಿಯರು ಬಸ್ಸು ಹತ್ತಿದರು. ಹತ್ತಲ್ಲ, ಹನ್ನೊಂದು.

ಶನಿವಾರ ಯಳಂದೂರಿನ ಮೈದಾನ. ಎದುರಿಗೆ ಹೋದ ವರ್ಷ ಹನ್ನೊಂದು ಗೋಲು ಹೊಡೆದ ಅದೇ ಕಾಲೇಜು. ಶಿವಮಲ್ಲಪ್ಪನವರು ಕೊಡೆ ಹಿಡಿದು ಬಂದು ಕೂತಿದ್ದರು.

ಆಟಕ್ಕೆ ಮುಂಚೆ ಹುಡುಗಿಯರು ಸುತ್ತ ನಿಂತಾಗ ಗುರುಸಿದ್ದಮ್ಮ ಹೇಳಿದ್ದು ಒಂದೇ ಮಾತು. "ಅವರವರ ತಟ್ಟೆ ಅವರವರು ನೋಡ್ಕೊಳ್ಳಿ." ಹೇಳಿ ಬೆಂಚಿನ ಮೇಲೆ ಕೂತು ಟವೆಲಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡಳು.

ಅದೆಂಥ ಶಿಕ್ಷೆ! ಚೆಂಡು ಬಲಕ್ಕೆ ಹೋದಾಗಲೆಲ್ಲ ಅವಳ ಗಂಟಲಿನವರೆಗೆ ಮಾತು ಬಂದು ಟವೆಲಿಗೆ ಬಡಿದು ವಾಪಸು ಹೋಗುತ್ತಿತ್ತು. ಹುಡುಗಿಯರೂ ಮೊದಲು ಗಲಿಬಿಲಿಯಾಗಿ ಬೆಂಚಿನ ಕಡೆ ತಿರುತಿರುಗಿ ನೋಡಿದರು. ಆಮೇಲೆ ನೋಡುವುದು ಬಿಟ್ಟು ತಾವೇ ಒಬ್ಬರಿಗೊಬ್ಬರು ಕೂಗಿಕೊಳ್ಳತೊಡಗಿದರು. ಒಬ್ಬಳೂ ಜಾಗ ಬಿಡಲಿಲ್ಲ. ಎದುರಾಳಿಗಳ ಹೊಡೆತ ಆರು ಸಲ ಗೋಲಿನತ್ತ ಬಂತು, ಆರನ್ನೂ ಧನುಶ್ರೀ ಹಣ್ಣಾದ ಹುಳುವನ್ನು ಎತ್ತಿದಷ್ಟೇ ಮೆತ್ತಗೆ ಕೈಗೆ ತೆಗೆದುಕೊಂಡಳು.

ಇನ್ನು ಐದು ನಿಮಿಷ ಇರುವಾಗ ಚೆಂಡು ಪವಿತ್ರಳ ಕಾಲಿಗೆ ಬಂತು. ಮೂವರು ಅವಳನ್ನು ಮುತ್ತಿದರು. ಅವಳು ಒಂದೇ ಒಂದು ಸಲ ಬೆಂಚಿನ ಕಡೆ ನೋಡಿದಳು. ಗುರುಸಿದ್ದಮ್ಮ ಎರಡೂ ಕೈಯಿಂದ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಪವಿತ್ರ ತಿರುಗಿ, ನೋಡದೆಯೇ ಎಡಕ್ಕೆ ಒದ್ದಳು. ಅಲ್ಲಿ ರಮ್ಯ ಇರಬೇಕಾದ ಜಾಗದಲ್ಲೇ ಇದ್ದಳು, ಒಬ್ಬಳೇ, ಕಾಯುತ್ತಾ.

ಒಂದು ಸೊನ್ನೆ. ಆಟ ಮುಗಿಯುವವರೆಗೂ ಅಷ್ಟೇ ಉಳಿಯಿತು.

ಶಿವಮಲ್ಲಪ್ಪನವರು ಕೊಡೆ ಮರೆತು ಬಿಸಿಲಲ್ಲೇ ಬಂದು, "ಕಂಬಕ್ಕೆ ಬಣ್ಣ ಹೊಡೆಸಬೇಕಲ್ಲ ಮೇಡಂ" ಎಂದರು. ಪವಿತ್ರ ಏದುಸಿರುಬಿಡುತ್ತಾ ಬಂದು ಜಗಳಕ್ಕೇ ನಿಂತಳು. "ಯಾಕ್ ಮೇಡಂ ಒಂದ್ಸಲಾನೂ ಬೈಲಿಲ್ಲ? ನಮ್ ಮೇಲೆ ಸಿಟ್ಟಾ?" ಗುರುಸಿದ್ದಮ್ಮ ಟವೆಲು ತೆಗೆದು ಏನೋ ಹೇಳಹೋದಳು. ಅಳು ಬಂತು. ಅವಳು ಅತ್ತಿದ್ದನ್ನು ಹುಡುಗಿಯರು ನೋಡಿದ್ದು ಅದೇ ಮೊದಲು, ಹಾಗಾಗಿ ಎಲ್ಲರೂ ಸೇರಿ ಅತ್ತರು.

ಧನುಶ್ರೀ ಕೈಗವಸು ಬಿಚ್ಚದೆಯೇ ಮನೆಗೆ ಫೋನು ಹಚ್ಚಿ ಮೇಡಂ ಕಿವಿಗೆ ಹಿಡಿದಳು. ಆ ಕಡೆ ಅಜ್ಜಿಯ ಧ್ವನಿ ಕೇಳಿದ್ದೇ ತಡ, ಒಂದೂವರೆ ಗಂಟೆ ಗಂಟಲಲ್ಲಿ ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ನುಗ್ಗಿತು.

"ಗೆದ್ದ್ವಿ ಅಜ್ಜೀ! ಗೆದ್ದ್ಬಿಟ್ವೀ!"

ಮೈದಾನದ ಅಂಚಿನ ಬೇವಿನ ಮರದಿಂದ ಕಾಗೆಗಳು ಎದ್ದು ಹಾರಿದವು.

"ಒಳ್ಳೇದಾಯ್ತು ಕಣವ್ವ" ಎಂದಳು ಚಿಕ್ಕನಿಂಗಮ್ಮ, ಪಿಸುಮಾತಿನಲ್ಲಿ. "ಮೆತ್ತಗೆ ಮಾತಾಡು. ಉಳ ಗೂಡು ಕಟ್ತಾ ಅವೆ."