ಲಿಂಬಿ ಗಿಡ ಎಂದಿದ್ದ

ಧಾರವಾಡದಿಂದ ಬಂದ ರತ್ನವ್ವ ಎರಡು ತಿಂಗಳಿಂದ ಮೆಲ್ಬರ್ನ್‌ನಲ್ಲಿ ಮಗ ವೀರೇಂದ್ರನ ಜೊತೆಗಿದ್ದಳು. ಸಿಡ್ನಿಯಲ್ಲಿದ್ದ ಮಗಳು ಸಂಧ್ಯಾರಾಣಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಸುದ್ದಿ. "ವೀರೂ ಗ್ಯಾರೇಜಿನ್ಯಾಗ ಲೈಟ್ ಹಚ್ಚಿ ಲಿಂಬಿ ಗಿಡಾ ಬೆಳಸ್ಯಾನ. ದಿನಾ ನಾನ ನೀರು ಹಾಕತೇನಿ. ಏನ್ ಘಮ ಅಂತಿ!"

ಸಂಧ್ಯಾ ಬ್ಲ್ಯಾಕ್‌ಟೌನ್‌ನ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಗ್ಯಾರೇಜು, ಲೈಟು, ಘಮ ಎಂದಾಗ ಅವಳಿಗೆ ಅನುಮಾನ ಬಂತು; ಅಂಥದೊಂದು ವಾಸನೆ ಹೊತ್ತು ಅಂಗಡಿಗೆ ಬರುವ ಗಿರಾಕಿಗಳನ್ನು ಕಂಡಿದ್ದಳು. ಆ ಶನಿವಾರ ಮೆಲ್ಬರ್ನ್‌ಗೆ ಹೋಗಿ ಗ್ಯಾರೇಜಿನ ಬಾಗಿಲು ತೆರೆದೊಡನೆ ಸೆರಗಿಲ್ಲದೆ ಅಂಗೈಯಿಂದಲೇ ಮೂಗು ಮುಚ್ಚಿಕೊಂಡಳು. ಮೇಲೆ ಲಿಂಬೆಸಿಪ್ಪೆಯ ವಾಸನೆ, ಅದರಡಿ ಬೆವರು ನೆಂದ ಕಾಲುಚೀಲದ ನಾತ.

"ಎಲಿ ಪುಂಡಿಪಲ್ಯದಂಗ ಸೀಳು ಸೀಳಾಗಿ ಅದಾವು ನೋಡು," ಎಂದಳು ರತ್ನವ್ವ. "ಈ ದೇಶದಾಗ ಲಿಂಬಿ ಹಿಂಗ ಇರತಾವೇನೋ ಅಂದ್ಕೊಂಡೆ."

ಹಿತ್ತಲಲ್ಲಿ ವೀರೇಂದ್ರ ಗೆಳೆಯ ಕಿರಣಕುಮಾರನೊಂದಿಗೆ ಹೊಗೆ ಬಿಡುತ್ತ ಕುಳಿತಿದ್ದ. "ಎಳದ್ರ ಮೊದಲ ಲಿಂಬಿ ವಾಸನಿ, ಆಮ್ಯಾಲ ಕಿತ್ತಳಿ ಸಿಪ್ಪಿ. ಅಸಲಿ ಸಟೈವಾ ಜಾತಿ. ತಲಿ ಹಗುರ ಆಗತದ," ಎನ್ನುತ್ತಿದ್ದ.

"ಆಂಟಿ ಕೈಗುಣ ಸೂಪರ್ ಮಗಾ!" ಎಂದು ಕಿರಣಕುಮಾರ ನಕ್ಕ. ವೀರೇಂದ್ರನೂ ನಕ್ಕ.

ಸಂಧ್ಯಾಳೊಂದಿಗೆ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ರತ್ನವ್ವನಿಗೆ ಅದು ಕೇಳಿಸಿತು. "ಏನದು ಸಂಧ್ಯಾ?"

"ಗಾಂಜಾ, ಅವ್ವಾ."

ರತ್ನವ್ವ ತನ್ನ ಬೆರಳು ನೋಡಿಕೊಂಡಳು. ಒಣಗಿದ ಎಲೆ ಕಿತ್ತು ಕಿತ್ತು ತುದಿಗಳಲ್ಲಿ ಕಪ್ಪು ಅಂಟು ಕೂತಿತ್ತು. ಇದೇ ಬೆರಳುಗಳಿಂದ ದಿನವೂ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ಸಂಧ್ಯಾ ಕೊಬ್ಬರಿ ಎಣ್ಣೆ ಸವರಿ, ಉಸಿರು ಬಿಗಿಹಿಡಿದು ಒಂದೊಂದೇ ಬೆರಳು ಉಜ್ಜಿದಳು.

ವೀರೇಂದ್ರ ಒಳಗೆ ಬಂದ. "ಒಂದ್ ನಾಕ ಗಿಡಕ್ಕ ಇಷ್ಟ್ಯಾಕ ನಾಟಕ? ಅವ್ವಗೂ ಟೈಮ್‌ಪಾಸ್ ಆಗತಿತ್ತು."

"ನಾಚಿಕಿ ಬರೂದಿಲ್ಲೇನು ಅಣ್ಣಾ?" ಎಂದಳು ಸಂಧ್ಯಾ. ಅಣ್ಣನ ಮೈಮೇಲಿನ ವಾಸನೆ ತಡೆಯಲಾರದೆ ಎರಡು ಹೆಜ್ಜೆ ಹಿಂದೆ ಸರಿದಳು.

ರತ್ನವ್ವ ಕೈ ಒರೆಸಿಕೊಂಡಳು. "ಪೊಲೀಸರು ಬಂದಿದ್ರ ಯಾರ ಕೈ ಮೂಸತಿದ್ರೋ, ವೀರೂ?"

ಅವಳು ಗ್ಯಾರೇಜಿಗೆ ಹೋಗಿ ಗಿಡಗಳನ್ನು ಬುಡಸಮೇತ ಕೀಳತೊಡಗಿದಳು. ಮೂರು ಕಿತ್ತಾಯಿತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ವೀರೇಂದ್ರ ನುಗ್ಗಿ ಬಂದು, ಆ ಕುಂಡವನ್ನು ಕೂಸಿನಂತೆ ಎದೆಗವಚಿಕೊಂಡು ಹಿತ್ತಲಿಗೆ ಓಡಿದ. ಅವನ ಭುಜ ತಗುಲಿ ಅವ್ವ ಗೋಡೆಗೆ ವಾಲಿದ್ದನ್ನು ತಿರುಗಿಯೂ ನೋಡಲಿಲ್ಲ. ಸಂಧ್ಯಾಗೆ ಆಗ ಹೇಸಿಗೆ ಹುಟ್ಟಿದ್ದು ಗಿಡದ ಮೇಲಲ್ಲ.

ಅಂದೇ ಸಂಜೆಯ ವಿಮಾನದಲ್ಲಿ ಅವ್ವನನ್ನು ಸಿಡ್ನಿಗೆ, ಕೆಲ್ಲಿವಿಲ್‌ನ ತನ್ನ ಮನೆಗೆ ಕರೆತಂದಳು. ಮಗನ ಫೋನ್ ಬಂದರೆ ರತ್ನವ್ವ ಈಗಲೂ ಎತ್ತುತ್ತಾಳೆ, ಆರಾಮ ಇದ್ದೇನಿ ಎನ್ನುತ್ತಾಳೆ. ಊಟ ಆತೇನು ಎಂದು ಮಾತ್ರ ಕೇಳುವುದಿಲ್ಲ.