ಎಸ್ಪೊಸಿಟೊ ಗೋತ್ರ

ಕೃಷ್ಣಪ್ರಸಾದ ಮಾಮ ಸೇವಂತಿಗೆ ಹಾರವನ್ನು ಮೂರನೆಯ ಸಲ ಕೆಳಗೆಳೆದರು. ಶವಪೆಟ್ಟಿಗೆಯ ಹಿತ್ತಾಳೆ ಫಲಕದಲ್ಲಿ ‘ಮೀರಾ’ ಉಳಿಯಿತು, ‘ಎಸ್ಪೊಸಿಟೊ’ ಹೂವಿನಡಿ ಹೋಯಿತು. ಧೃತಿ ಮೂರನೆಯ ಸಲ ಹಾರವನ್ನು ಮೇಲಕ್ಕೆ ಸರಿಸಿದಳು.

“ಲೀವ್ ಇಟ್, ಡಿಯರ್,” ಎಂದರು ಮಾಮ. ಸೋದರಸೊಸೆ ಜನ್ಮದಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟವಳಲ್ಲ. ಆದ್ದರಿಂದ ಅವಳಿಗೆ ಕನ್ನಡ ತಿಳಿಯುವುದಿಲ್ಲವೆಂದು ಅವರು ತೀರ್ಮಾನಿಸಿ ಇಪ್ಪತ್ತು ವರ್ಷವಾಗಿತ್ತು.

ಪುರೋಹಿತ ಭಾರ್ಗವ ಲಂಡನ್ನಿನ ಕ್ಯಾನರಿ ವಾರ್ಫಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. “ಕ್ರಿಮೆಟೋರಿಯಮ್ಮಿನವ್ರು ಕೊಟ್ಟಿರೋದು ಮೂವತ್ತೇ ನಿಮಿಷ. ಗೋತ್ರ ಹೇಳ್ಬಿಡಿ. ಗಂಡನ ಕಡೇದು?”

ಎಲ್ಲರೂ ಮೀರಾಳ ಗಂಡ, ಇಟಲಿಯವನಾದ ಬೆಪ್ಪೆಯತ್ತ ತಿರುಗಿದರು. ಕನ್ನಡ ಬಾರದ ಬೆಪ್ಪೆ ತಲೆಯಾಡಿಸಿದ.

“ಅವನಿಗೆಲ್ಲಿಯ ಗೋತ್ರ!” ಎಂದರು ಮಾಮ.

“ಕೌಂಡಿನ್ಯ,” ಎಂದಳು ಧೃತಿ. “ಹರ್ ಫಾದರ್ಸ್.” ಹೋದ ವಾರ ಆಸ್ಪತ್ರೆಯಲ್ಲಿ ಅಮ್ಮ ಅದನ್ನು ಬಾಯಿಪಾಠ ಮಾಡಿಸಿದ್ದಳು. ಬದುಕಿಡೀ ಹೆಸರಿನ ಸ್ಪೆಲಿಂಗ್ ಹೇಳಿ ಸಾಕಾಗಿದೆ ಕಣೇ, ಕೊನೆಗೊಂದ್ಸಲ ನಮ್ಮಪ್ಪನ ಗೋತ್ರ ಹೇಳ್ಸು. ಬೇರೇನೂ ಕೇಳಿರಲಿಲ್ಲ.

ಭಾರ್ಗವ ಹಿರಿಯರ ಮುಖ ನೋಡಿದ. “ಕೌಂಡಿನ್ಯನಾ ಸರ್?”

*

ಒಂಬತ್ತು ವರ್ಷದ ಹಿಂದೆ, ಪಿನ್ನರಿನಲ್ಲಿ ಮಾಮನ ಮನೆಯ ಊಟ. ಬೆಪ್ಪೆ ಆಗ ಪಾರ್ಕ್ ರಾಯಲಿನ ಬ್ರೆಡ್ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಮೀರಾ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತದ ಗುಂಪು ಬರೆಯುತ್ತಿದ್ದವಳು. ನೇಪಲ್ಸಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಎಸ್ಪೊಸಿಟೊಗಳೇ ಪುಟಗಟ್ಟಲೆ ಎಂದು ಬೆಪ್ಪೆ ಹೆಮ್ಮೆಪಟ್ಟ. ಹಿಂದೆ ಬೇಡದ ಕೂಸನ್ನು ರಾತ್ರೋರಾತ್ರಿ ಅಲ್ಲಿನ ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರಂತೆ; ಸಾಕಿದ ಸನ್ಯಾಸಿನಿಯರು ಎಲ್ಲಕ್ಕೂ ‘ಹೊರಗಿಟ್ಟದ್ದು’ ಎಂಬರ್ಥದ ಅದೊಂದೇ ಹೆಸರಿಟ್ಟರಂತೆ.

“ಅಂದ್ರೆ ಊರಿಗೂರೇ ಬಿಸಾಕಿದ ಕೂಸುಗಳು! ಎಲ್ಲಿ ಹುಡುಕಿದ್ಯೇ ಮೀರಾ ಈ ಸಂಬಂಧಾನ?”

“ನನಗೇನೋ ಅಣ್ಣ? ನಾನು ಕೌಂಡಿನ್ಯರ ಮಗಳು,” ಎಂದು ಮೀರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಬಡಿಸುತ್ತಿದ್ದ ಅತ್ತೆಯ ಸೌಟು ಮಾತ್ರ ಗಕ್ಕನೆ ನಿಂತಿತು.

*

“ಕಾಶ್ಯಪ ಅನ್ನಿ,” ಎಂದರು ಮಾಮ.

ಭಾರ್ಗವನ ಹುಬ್ಬೇರಿತು. ಗೋತ್ರ ಗೊತ್ತಿಲ್ಲದವರಿಗೆಲ್ಲ ಹೇಳುವುದು ಕಾಶ್ಯಪ.

“ಇವತ್ತೊಂದಿನ ಸುಮ್ನಿರಬಾರ್ದಾ ರೀ?” ಅತ್ತೆ ಪಿಸುಗುಟ್ಟಿದರು. “ಅವಳ ಕೊನೇ ಆಸೆಯಂತೆ.”

“ಸುಳ್ಳು ಹೇಳಿ ಕಳಿಸ್ಲಾ? ಮೈಸೂರಲ್ಲಿ ಆಸ್ಪತ್ರೆ ಮೆಟ್ಟಿಲ ಮೇಲೆ ಬಿದ್ದಿದ್ದನ್ನ ಅಪ್ಪ ಎತ್ಕೊಂಡ್ಬಂದ್ರು. ಸಾಕಿದ್ದು ಸಾಲ್ದಾ? ಗೋತ್ರಾನೂ ಕೊಡ್ಬೇಕಾ?”

“ಮೆತ್ತಗೆ! ಹುಡುಗಿ…”

“ಅವಳಿಗೆಲ್ಲಿ ತಿಳಿಯತ್ತೆ.”

ಧೃತಿಯ ಕೈ ಹಾರದ ಮೇಲೆಯೇ ಇತ್ತು. ಭಾರ್ಗವ ಗಡಿಯಾರ ನೋಡಿ ‘ಕಾಶ್ಯಪ’ ಎಂದು ಗಟ್ಟಿಯಾಗಿ ಹೇಳಿ ಮುಂದುವರಿದ. ಮಂತ್ರ ಮುಗಿಯಿತು, ಪೆಟ್ಟಿಗೆ ಪರದೆಯತ್ತ ಜಾರತೊಡಗಿತು.

“ಅವಳನ್ನು ಯಾವ ಮನೆತನದವಳು ಅಂದರು?” ಬೆಪ್ಪೆ ತನ್ನ ಇಂಗ್ಲಿಷಿನಲ್ಲಿ ಮಗಳನ್ನು ಕೇಳಿದ.

ಧೃತಿ ಹಾರವನ್ನು ಪೂರ್ತಿ ಎಳೆದು ತೆಗೆದಳು. ಹಿತ್ತಾಳೆಯ ಅಕ್ಷರಗಳು ಒಂದೊಂದಾಗಿ ಪರದೆಯೊಳಗೆ ಹೋದವು.

“ಎಸ್ಪೊಸಿಟೊ, ಪಾಪಾ.”

ಬೆಪ್ಪೆಯ ಕಣ್ಣು ತುಂಬಿಬಂತು. ಕೊನೆಗೂ ತನ್ನ ಹೆಸರನ್ನು ಒಪ್ಪಿದರಲ್ಲ! ನೆಟ್ಟಗೆ ಹೋಗಿ ಕೃಷ್ಣಪ್ರಸಾದರ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ. ಮುಂದಿನ ಹೆಣದವರು ಬಾಗಿಲು ತಳ್ಳಿ ಒಳಗೆ ಬಂದರೂ ಬಿಡಲಿಲ್ಲ.